ಐದು ಸಾವಿರ ಕೋಟಿ ಮತ್ತು ಒಂದು ದಾಲ್ ಮಿಲ್ಲು

ರಾಜ್ಯ ಬಜೆಟ್ ಮಂಡನೆಯಾದ ಮರುದಿನ ನಮ್ಮ ಕಲಬುರಗಿಯಲ್ಲಿ ಜನ ಮೊದಲು ಕೇಳುವುದು ಒಂದೇ ಅಂಕಿಯನ್ನು: ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ಈ ಸಲ ಎಷ್ಟು ಕೋಟಿ ಬಂತು? 2022-23ರ ಬಜೆಟ್‌ನಲ್ಲಿ ಅದು 3,000 ಕೋಟಿ ರೂಪಾಯಿಯಾಗಿತ್ತು, 2023-24ರಲ್ಲಿ 5,000 ಕೋಟಿಗೆ ಏರಿತು. ಮೊತ್ತ ದೊಡ್ಡದು, ಬೇಡವೆನ್ನುವವರು ಯಾರೂ ಇಲ್ಲ. ಆದರೆ ಈ ಹಣದಲ್ಲಿ ಎಷ್ಟು ಪಾಲು ಇಲ್ಲಿಯ ಒಂದು ಮಿಲ್ಲು, ಒಂದು ಕಾರ್ಖಾನೆ, ಒಂದು ವಸತಿಗೃಹ ತನ್ನ ಕಾಲ ಮೇಲೆ ನಿಲ್ಲುವುದಕ್ಕೆ ನೆರವಾಯಿತು ಎಂದು ಕೇಳಿದರೆ ಚರ್ಚೆ ಅಲ್ಲಿಗೇ ತಣ್ಣಗಾಗುತ್ತದೆ. ಪ್ರದೇಶದ ಅಭಿವೃದ್ಧಿಗೆಂದೇ ಹುಟ್ಟಿದ ಸಂಸ್ಥೆಗಳು ಕೈಗಾರಿಕೆ, ಪ್ರವಾಸೋದ್ಯಮ ಮತ್ತು ಬಂಡವಾಳಕ್ಕಾಗಿ ನಿಜವಾಗಿ ಏನು ಮಾಡುತ್ತವೆ, ಏನು ಮಾಡಲಾರವು ಎಂಬುದನ್ನು ನಮ್ಮ ಭಾಗದ ಉದಾಹರಣೆಗಳಲ್ಲೇ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳು 1948ರ ಸೆಪ್ಟೆಂಬರ್ 17ರ ನಂತರ ಭಾರತಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿದವು. ಮೈಸೂರು ಸಂಸ್ಥಾನದಲ್ಲಿ ಅಷ್ಟರಲ್ಲಾಗಲೇ ಬೆಳೆದಿದ್ದ ಶಾಲೆ, ಬ್ಯಾಂಕು ಮತ್ತು ವಿದ್ಯುತ್ತಿನ ಬುನಾದಿ ಈ ಜಿಲ್ಲೆಗಳಿಗೆ ಇರಲಿಲ್ಲ. 1980ರ ದಶಕದ ಆರಂಭದಲ್ಲಿ ಧರ್ಮಸಿಂಗ್ ಅವರ ನೇತೃತ್ವದ ಸಮಿತಿ ಪ್ರತ್ಯೇಕ ಮಂಡಳಿ ಬೇಕೆಂದಿತು, ದಶಕದ ಮೇಲೆ ಹೈದರಾಬಾದ್ ಕರ್ನಾಟಕ ಅಭಿವೃದ್ಧಿ ಮಂಡಳಿ ಅಸ್ತಿತ್ವಕ್ಕೆ ಬಂತು. ಆದರೆ ಹಿಂದುಳಿದಿರುವಿಕೆಗೆ ಲೆಕ್ಕದ ಭಾಷೆ ಕೊಟ್ಟವರು ಡಾ. ಡಿ.ಎಂ. ನಂಜುಂಡಪ್ಪ. 2002ರಲ್ಲಿ ಅವರ ಸಮಿತಿ ಸಲ್ಲಿಸಿದ ವರದಿ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತ್ತು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಈ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂದು, 2013ರಲ್ಲಿ ರಾಜ್ಯಪಾಲರ ಆದೇಶದಂತೆ ಹೊಸ ಮಂಡಳಿ ರಚನೆಯಾಯಿತು. 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರಾಯಿತು. ವಿಜಯನಗರ ಜಿಲ್ಲೆ ಬೇರ್ಪಟ್ಟ ಮೇಲೆ ಇಂದು ಅದರ ವ್ಯಾಪ್ತಿಯಲ್ಲಿ ಏಳು ಜಿಲ್ಲೆಗಳಿವೆ.

ಈ ಮಂಡಳಿ ಕೆಲಸ ಮಾಡುವ ಕ್ರಮವನ್ನು ಗಮನಿಸಿದರೆ ಅದರ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಹಣವನ್ನು ತಾಲ್ಲೂಕುಗಳಿಗೆ ಹಂಚುವಾಗ ನಂಜುಂಡಪ್ಪ ಸೂಚ್ಯಂಕ ಆಧಾರವಾಗುತ್ತದೆ. ಶಾಸಕರ ಸಲಹೆ ಸೇರಿ ಕ್ರಿಯಾ ಯೋಜನೆ ಸಿದ್ಧವಾಗುತ್ತದೆ, ಒಪ್ಪಿಗೆ ಸಿಕ್ಕ ಕಾಮಗಾರಿಗಳು ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರಗಳಂತಹ ಅನುಷ್ಠಾನ ಸಂಸ್ಥೆಗಳಿಗೆ ಹೋಗುತ್ತವೆ. ಶಾಲಾ ಕೊಠಡಿ, ಆಸ್ಪತ್ರೆಯ ಕಟ್ಟಡ, ರಸ್ತೆ, ಸಮುದಾಯ ಭವನ, ಹಾಸ್ಟೆಲ್ ಇವೆಲ್ಲ ಹೀಗೆ ಆದವು. ಹತ್ತು ವರ್ಷಗಳ ಹಿಂದೆ ಮಳೆಗಾಲದಲ್ಲಿ ಬಸ್ಸು ಹೋಗದಿದ್ದ ಎಷ್ಟೋ ಊರುಗಳಿಗೆ ಇಂದು ಹೋಗುತ್ತದೆ, ಇದನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಆದರೆ ಈ ಇಡೀ ಯಂತ್ರ ರೂಪುಗೊಂಡಿರುವುದು ಅಂದಾಜು ಪಟ್ಟಿ ಹಾಕಿ, ಟೆಂಡರ್ ಕರೆದು, ಅಳತೆ ಪುಸ್ತಕದಲ್ಲಿ ಬರೆದು, ಬಿಲ್ ಪಾಸು ಮಾಡಬಹುದಾದ ಕೆಲಸಗಳಿಗೆ. ಉದ್ಯಮ ಬೆಳೆಸುವ ಕೆಲಸದಲ್ಲಿ ಅಂತಹ ಭಾಗ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಖರೀದಿದಾರನನ್ನು ಹುಡುಕುವುದು, ದುಡಿಯುವ ಬಂಡವಾಳ ಒದಗಿಸುವುದು, ಗುಣಮಟ್ಟ ಪರೀಕ್ಷಿಸುವುದು, ಕಡತವೊಂದು ಎಲ್ಲಿ ನಿಂತಿದೆ ಎಂದು ಹಿಂಬಾಲಿಸುವುದು. ಇವಕ್ಕೆ ಅಳತೆ ಪುಸ್ತಕ ಇರುವುದಿಲ್ಲ.

ತೊಗರಿಯನ್ನೇ ತೆಗೆದುಕೊಳ್ಳೋಣ. ಕಲಬುರಗಿಯನ್ನು ತೊಗರಿಯ ಕಣಜ ಎಂದು ಕರೆಯುವುದು ಉತ್ಪ್ರೇಕ್ಷೆಯಲ್ಲ. ಇಲ್ಲಿಯ ಕಪ್ಪು ಮಣ್ಣಿನಲ್ಲಿ ಬೆಳೆದ ಬೇಳೆಗೆ ಬೇಯುವ ಗುಣವೂ ರುಚಿಯೂ ಬೇರೆ ಎಂಬುದು ಗಂಜಿನ, ಅಂದರೆ ಇಲ್ಲಿಯ ಧಾನ್ಯ ಮಾರುಕಟ್ಟೆಯ, ಪ್ರತಿ ಅಡತಿದಾರನಿಗೆ ಗೊತ್ತಿದ್ದ ಸಂಗತಿ, 2019ರಲ್ಲಿ ಭೌಗೋಳಿಕ ಸೂಚಕ (ಊರಿನ ಹೆಸರಿನ ಮೇಲೆ ಸಿಗುವ ಜಿಐ ಮಾನ್ಯತೆ) ಸಿಕ್ಕಿ ಅದು ಅಧಿಕೃತವೂ ಆಯಿತು. ನೆಟೆ ರೋಗಕ್ಕೆ ಜಗ್ಗದ ಟಿಎಸ್-3ಆರ್ ತಳಿಯನ್ನು ಕೊಟ್ಟದ್ದು ಇಲ್ಲಿಯದೇ ಕೃಷಿ ಸಂಶೋಧನಾ ಕೇಂದ್ರ. ತೊಗರಿಗೆಂದೇ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ, ಭೀಮಾ ಪಲ್ಸಸ್ ಎಂಬ ಬ್ರಾಂಡ್ ಕೂಡ ಬಂದಿದೆ. ಇಷ್ಟೆಲ್ಲ ಇದ್ದೂ ಊರಿನ ಕೈಗಾರಿಕಾ ವಸಾಹತುಗಳಲ್ಲಿ ಬೀಗ ಬಿದ್ದ ದಾಲ್ ಮಿಲ್ಲುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ.

ಯಾಕೆ? ಮಿಲ್ಲು ನಡೆಯುವ ರೀತಿ ತಿಳಿದರೆ ಉತ್ತರ ಅಲ್ಲೇ ಇದೆ. ಕಾಳನ್ನು ಸ್ವಚ್ಛ ಮಾಡಿ, ಸಿಪ್ಪೆಗೆ ಗೀರು ಹಾಕಿ, ಎಣ್ಣೆ ಸವರಿ, ಬಿಸಿಲಿಗೆ ಹರವಿ, ನೀರು ಚಿಮುಕಿಸಿ ಮತ್ತೆ ಒಣಗಿಸಿ ಒಡೆಯಬೇಕು. ಹಳೆಯ ಪದ್ಧತಿಯಲ್ಲಿ ಇದಕ್ಕೆ ಹಲವು ದಿನ ಹಿಡಿಯುತ್ತದೆ, ವಿಶಾಲವಾದ ಅಂಗಳ ಬೇಕು, ಮೋಡ ಕವಿದರೆ ಕೆಲಸ ನಿಲ್ಲುತ್ತದೆ. ಒಣಗಿಸುವ ಯಂತ್ರ, ಬಣ್ಣ ನೋಡಿ ಬೇಳೆ ಬೇರ್ಪಡಿಸುವ ಯಂತ್ರ ಇರುವ ಮಿಲ್ಲು ಅದೇ ಕೆಲಸವನ್ನು ಕಡಿಮೆ ನಷ್ಟದಲ್ಲಿ ಮುಗಿಸುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ಹಣದ್ದು. ತೊಗರಿ ಗಂಜಿಗೆ ಬರುವುದು ಮುಖ್ಯವಾಗಿ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ. ವರ್ಷವಿಡೀ ಮಿಲ್ಲು ಓಡಬೇಕಾದರೆ ಆ ಮೂರು ತಿಂಗಳಲ್ಲಿ ಕಾಳು ಕೊಂಡು ದಾಸ್ತಾನು ಇಡಬೇಕು, ಅಂದರೆ ದೊಡ್ಡ ಮೊತ್ತ ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತಿರುತ್ತದೆ. ಅಷ್ಟರಲ್ಲಿ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ಆಮದಾದ ತೊಗರಿ ಮುಂಬೈ ಬಂದರಿಗೆ ಬಂದು ದರ ಕುಸಿದರೆ ದಾಸ್ತಾನಿನ ಮೇಲೆ ನೇರ ಪೆಟ್ಟು. ಆಮದು ನೀತಿ ದೆಹಲಿಯದು, ಕಲಬುರಗಿಯ ಯಾವ ಮಂಡಳಿಯೂ ಅದನ್ನು ಬದಲಿಸಲಾರದು. ಆದರೆ ಗೋದಾಮಿನ ರಸೀದಿಯ ಮೇಲೆ ಸಾಲ ಕೊಡಿಸುವುದು, ಹಲವು ಸಣ್ಣ ಮಿಲ್ಲುಗಳಿಗೆ ಸೇರಿ ಒಂದು ಒಣಗಿಸುವ ಘಟಕ ಮತ್ತು ಪ್ರಯೋಗಾಲಯ ಕಟ್ಟುವುದು, ಭೌಗೋಳಿಕ ಸೂಚಕದ ಮುದ್ರೆ ಹಾಕಿದ ಚೀಲದಲ್ಲಿ ನಿಜವಾಗಿಯೂ ಇಲ್ಲಿಯದೇ ಬೇಳೆ ಇದೆಯೇ ಎಂದು ತಪಾಸಣೆ ಮಾಡುವುದು, ಬೆಂಗಳೂರು ಮತ್ತು ಹೈದರಾಬಾದಿನ ದೊಡ್ಡ ಅಂಗಡಿ ಸರಪಳಿಗಳೊಂದಿಗೆ ವರ್ಷದ ಒಪ್ಪಂದ ಕುದುರಿಸುವುದು ಇಲ್ಲಿಂದಲೇ ಆಗುವ ಕೆಲಸಗಳು. ಈ ನಾಲ್ಕಕ್ಕೂ ಒಂದು ಸಮುದಾಯ ಭವನದಷ್ಟು ಸಿಮೆಂಟ್ ಬೇಕಿಲ್ಲ. ತೊಗರಿ ವ್ಯಾಪಾರ ಬಲ್ಲ, ಐದು ವರ್ಷ ಅದೇ ಕುರ್ಚಿಯಲ್ಲಿ ಕೂರುವ ಕೆಲವು ಜನ ಬೇಕು. ನಮ್ಮ ವ್ಯವಸ್ಥೆಯಲ್ಲಿ ಸಿಗದಿರುವುದೇ ಅವರು. ಎರವಲು ಸೇವೆಯ ಮೇಲೆ ಬಂದ ಅಧಿಕಾರಿಗೆ ಗಂಜಿನ ವ್ಯವಹಾರ ಅರ್ಥವಾಗುವ ಹೊತ್ತಿಗೆ ವರ್ಗಾವಣೆಯ ಆದೇಶ ಬಂದಿರುತ್ತದೆ.

ಇನ್ನು ಭೂಮಿಯ ವಿಷಯ. ಕೈಗಾರಿಕೆಗೆ ಜಾಗ ಒದಗಿಸುವುದು ಮಂಡಳಿಯ ಕೆಲಸವಲ್ಲ, ಅದು 1966ರ ಕಾಯ್ದೆಯಡಿ ಹುಟ್ಟಿದ ಕೆಐಎಡಿಬಿಯದು. ಸಣ್ಣ ಉದ್ಯಮಗಳ ಶೆಡ್ಡುಗಳು ಕೆಎಸ್‌ಎಸ್‌ಐಡಿಸಿಯದು, ಸಾಲ ಕೆಎಸ್‌ಎಫ್‌ಸಿಯದು, ಏಕಗವಾಕ್ಷಿಯ ಅನುಮತಿ ಕರ್ನಾಟಕ ಉದ್ಯೋಗ ಮಿತ್ರದ್ದು, ಕರಕುಶಲದ ಮಾರಾಟ ಕಾವೇರಿ ಮಳಿಗೆಗಳನ್ನು ನಡೆಸುವ ನಿಗಮದ್ದು. ಒಂದೊಂದಕ್ಕೂ ಪ್ರತ್ಯೇಕ ಕಾಯ್ದೆ ಅಥವಾ ಕಂಪನಿ, ಪ್ರತ್ಯೇಕ ಅಧ್ಯಕ್ಷರು. ಯಾದಗಿರಿಯ ಸಣ್ಣ ಉದ್ಯಮಿಯೊಬ್ಬ ಇವೆಲ್ಲ ಕಚೇರಿಗಳ ಮೆಟ್ಟಿಲು ಹತ್ತಬೇಕು, ಇವುಗಳ ಮುಖ್ಯ ಕಚೇರಿಗಳಿರುವುದು ಬೆಂಗಳೂರಿನಲ್ಲಿ.

ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಸ್ವಾಧೀನವಾಯಿತು. ಹೈದರಾಬಾದ್ ಹತ್ತಿರ, ರೈಲು ಮಾರ್ಗ ಪಕ್ಕದಲ್ಲೇ, ಕೃಷ್ಣೆ ಮತ್ತು ಭೀಮೆಯ ನೀರು ಇದೆ: ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ರೈಲ್ವೆ ಬೋಗಿಗಳ ಕಾರ್ಖಾನೆ ಬಂತು, ಔಷಧ ತಯಾರಿಕೆಯ ಘಟಕಗಳು ಬಂದವು. ಆದರೆ ಔಷಧ ಘಟಕಗಳ ಜೊತೆಗೆ ದುರ್ವಾಸನೆಯ ದೂರುಗಳೂ ಬಂದವು, ಜಮೀನು ಕೊಟ್ಟವರು ಉದ್ಯೋಗ ಮತ್ತು ಪರಿಹಾರಕ್ಕಾಗಿ ಧರಣಿ ಕೂತರು. ಹೈದರಾಬಾದಿನ ಸುತ್ತ ಇರಗೊಡದ ಕೈಗಾರಿಕೆಗಳು ಗಡಿ ದಾಟಿ ಇಲ್ಲಿಗೆ ಬಂದವು ಎಂಬ ಮಾತನ್ನು ಅಲ್ಲಿಯ ಜನ ಆಡುತ್ತಾರೆ. ಅದು ಪೂರ್ತಿ ನಿಜವೋ ಅಲ್ಲವೋ ಬೇರೆ ಮಾತು. ಬಂಡವಾಳ ತರುವ ಸಂಸ್ಥೆ ಮತ್ತು ತ್ಯಾಜ್ಯ ನೋಡಿಕೊಳ್ಳುವ ಸಂಸ್ಥೆ ಬೇರೆ ಬೇರೆ ಇಲಾಖೆಗಳಾಗಿದ್ದು, ಮೊದಲನೆಯದು ಉತ್ಸಾಹದಲ್ಲೂ ಎರಡನೆಯದು ಸಿಬ್ಬಂದಿಯ ಕೊರತೆಯಲ್ಲೂ ಇದ್ದರೆ ಇಂತಹ ಅನುಮಾನ ಹುಟ್ಟದೆ ಇರದು.

ಕೊಪ್ಪಳದಲ್ಲಿ ಈ ತಿಕ್ಕಾಟ ಇನ್ನಷ್ಟು ಸ್ಪಷ್ಟವಾಗಿ ಕಂಡಿತು. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ ಒಟ್ಟು 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂದಿದೆ ಎಂದು ಸರ್ಕಾರ ಪ್ರಕಟಿಸಿತು. ಅದರಲ್ಲಿ ಕೊಪ್ಪಳದ ಅಂಚಿನಲ್ಲಿ ಬರಬೇಕಿದ್ದ ಬಲ್ಡೋಟಾ ಸಮೂಹದ 54,000 ಕೋಟಿಯ ಉಕ್ಕಿನ ಕಾರ್ಖಾನೆಯೂ ಸೇರಿತ್ತು. ಅದೇ ತಿಂಗಳು 24ರಂದು ಗವಿಮಠದ ಸ್ವಾಮೀಜಿಯವರ ನೇತೃತ್ವದಲ್ಲಿ ಊರಿಗೆ ಊರೇ ಬೀದಿಗಿಳಿದು ಕೊಪ್ಪಳ ಬಂದ್ ಆಯಿತು. ಈಗಾಗಲೇ ಇರುವ ಮೆದು ಕಬ್ಬಿಣದ ಕಾರ್ಖಾನೆಗಳ ಹೊಗೆಯಿಂದ ಬೇಸತ್ತಿದ್ದ ಜನ ಅವರು, ಕೈಗಾರಿಕೆಯನ್ನೇ ಕಂಡಿರದ ಊರಿನವರಲ್ಲ. ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸಲು ಸೂಚಿಸಿದರು. ಸಮಾವೇಶದ ವೇದಿಕೆಯ ಮೇಲೆ ಸಹಿಯಾಗುವ ಒಡಂಬಡಿಕೆಗಳ ಮೊತ್ತವನ್ನು ಅಭಿವೃದ್ಧಿಯ ಅಳತೆಯಾಗಿ ಹೇಳುವವರು ಆ ದಿನದ ಕೊಪ್ಪಳದ ಫೋಟೋಗಳನ್ನು ಒಮ್ಮೆ ನೋಡಬೇಕು.

ಅದೇ ಜಿಲ್ಲೆಯಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ ಎಂಬುದು ನನಗೆ ಕುತೂಹಲದ ಸಂಗತಿ. ಕೊಪ್ಪಳದಿಂದ ಗದಗಿನ ಕಡೆ ಹೋಗುವ ಹೆದ್ದಾರಿಯ ಬದಿಯ ಭಾನಾಪುರದಲ್ಲಿ, ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಏಕಸ್ ಸಂಸ್ಥೆ ಸುಮಾರು 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಕಟ್ಟಿತು. ಸರ್ಕಾರ ಇಲ್ಲಿ ಮಾಡಿದ್ದು ಹೆಚ್ಚಾಗಿ ಮೂರು ಕೆಲಸ: ಆಟಿಕೆಗೆಂದು ಪ್ರತ್ಯೇಕ ಪ್ರೋತ್ಸಾಹ ನೀತಿ, ವಿಶೇಷ ಆರ್ಥಿಕ ವಲಯದ ಅನುಮತಿ, ರಸ್ತೆ ಮತ್ತು ವಿದ್ಯುತ್ತು. ಆಮೇಲೆ ವಿದೇಶದ ಆಟಿಕೆ ಕಂಪನಿಗಳನ್ನು ಗ್ರಾಹಕರನ್ನಾಗಿ ಹಿಡಿದು ತರುವ ಕೆಲಸವನ್ನು ಕ್ಲಸ್ಟರ್ ಕಟ್ಟಿದವರೇ ಮಾಡಿದರು. ಅಲ್ಲಿಯ ಸಾಲುಗಳಲ್ಲಿ ಕೂತು ಜೋಡಣೆ ಮಾಡುವವರಲ್ಲಿ ಹೆಚ್ಚಿನವರು ಸುತ್ತಲಿನ ಊರುಗಳ ಹೆಣ್ಣುಮಕ್ಕಳು. ಮಂಗಳೂರಿಗೋ ಗೋವಾಕ್ಕೋ ಗುಳೆ ಹೋಗುವುದೇ ಮಾಮೂಲಾಗಿದ್ದ ತಾಲ್ಲೂಕುಗಳಲ್ಲಿ ಕಂಪನಿಯ ಬಸ್ಸು ಬೆಳಿಗ್ಗೆ ಬಂದು ಸಂಜೆ ಮನೆಗೆ ಬಿಡುವುದು ಸಣ್ಣ ಬದಲಾವಣೆಯಲ್ಲ.

ಭಾನಾಪುರದಿಂದ ಬಹಳ ದೂರವಿಲ್ಲದ ಕಿನ್ನಾಳದಲ್ಲಿ ಇನ್ನೊಂದು ಬಗೆಯ ಆಟಿಕೆಯಿದೆ. ಹಗುರವಾದ ಮರ, ಅದರ ಮೇಲೆ ಗೋಣಿಯ ಚಿಂದಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನಿಂದ ಮಾಡಿದ ಕಿಟ್ಟ, ಅದರ ಮೇಲೆ ಬಣ್ಣ. ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಮಾಡಿಕೊಂಡು ಬಂದ ಈ ಕಲೆಗೂ ಭೌಗೋಳಿಕ ಸೂಚಕವಿದೆ. ಎರಡೂ ಆಟಿಕೆಯೇ ಎಂದು ಭಾಷಣಗಳಲ್ಲಿ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಪ್ಲಾಸ್ಟಿಕ್ ಆಟಿಕೆಯ ರಫ್ತಿಗೆ ಬೇಕಾದ ನೆರವು ಬೇರೆ, ಒಂದು ಗೊಂಬೆಗೆ ದಿನಗಟ್ಟಲೆ ಕೂರುವ ಕುಟುಂಬಕ್ಕೆ ಬೇಕಾದ ನೆರವು ಬೇರೆ. ಬೀದರಿನ ಬಿದ್ರಿ ಕೆಲಸಗಾರರ ಸ್ಥಿತಿಯೂ ಹೀಗೆಯೇ. ಸತು ಮತ್ತು ತಾಮ್ರದ ಪಾತ್ರೆ, ಅದರಲ್ಲಿ ಕೊರೆದು ಕೂರಿಸಿದ ಬೆಳ್ಳಿ, ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿ ತಂದ ಕಪ್ಪು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಬೀದರ್ ಸಂಭ್ರಮಿಸಿತು. ಆದರೆ ಬೆಳ್ಳಿಯ ಬೆಲೆ ಏರುತ್ತ ಹೋದಂತೆ ಸಾಮಾನ್ಯ ಕಸಬುದಾರನಿಗೆ ಮುಂದಿನ ಆರ್ಡರಿಗೆ ಬೆಳ್ಳಿ ಕೊಳ್ಳುವುದೇ ಚಿಂತೆ. ನಿಗದಿತ ದರದಲ್ಲಿ ಬೆಳ್ಳಿಯನ್ನು ಕಡ ಕೊಟ್ಟು, ಮಾಲು ಮಾರಿದ ಮೇಲೆ ಮರಳಿ ಪಡೆಯುವ ಒಂದು ಕಚ್ಚಾವಸ್ತು ಭಂಡಾರ ಇವರಿಗೆ ಇನ್ನೊಂದು ತರಬೇತಿ ಶಿಬಿರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಹುಟ್ಟಿನಿಂದ ಆ ಕೆಲಸ ಮಾಡಿದವನಿಗೆ ಅದೇ ಕೆಲಸದ ತರಬೇತಿ ಪ್ರಮಾಣಪತ್ರ ಕೊಡುವ ಸಮಾರಂಭಗಳನ್ನು ನಾವೆಲ್ಲ ಕಂಡಿದ್ದೇವೆ.

ಪ್ರವಾಸೋದ್ಯಮದಲ್ಲಿ ನಮ್ಮ ಸಂಸ್ಥೆಗಳ ದೃಷ್ಟಿ ಇನ್ನೂ ಕಟ್ಟಡದ ಆಚೆಗೆ ಹೋಗಿಲ್ಲ. ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪವೂ, ರಾಯ ಅಶೋಕ ಎಂದು ಹೆಸರು ಕೆತ್ತಿದ ಅರಸನ ಶಿಲ್ಪವೂ ದೊರೆತವು. ದೇಶದಲ್ಲಿ ಇನ್ನೆಲ್ಲಿಯೂ ಸುಲಭವಾಗಿ ಸಿಗದ ಇಂತಹ ಸ್ಥಳಕ್ಕೆ ಪ್ರತ್ಯೇಕ ಅಭಿವೃದ್ಧಿ ಪ್ರಾಧಿಕಾರವೇ ಇದೆ. ಆದರೂ ಶಿಲ್ಪದ ಚಪ್ಪಡಿಗಳು ಬಹಳ ವರ್ಷ ಬಯಲಿನಲ್ಲೇ ಮಲಗಿದ್ದವು, ಸಂರಕ್ಷಣೆಯ ಕೆಲಸಕ್ಕೆ ಚುರುಕು ಬಂದದ್ದು ಈಚೆಗೆ. ನಾಲವಾರ ರೈಲು ನಿಲ್ದಾಣದಲ್ಲಿ ಇಳಿದ ಪ್ರವಾಸಿಗೆ ಅಲ್ಲಿಂದ ಮುಂದೆ ಹೇಗೆ ಹೋಗಬೇಕು, ರಾತ್ರಿ ಎಲ್ಲಿ ತಂಗಬೇಕು, ಆ ಕಲ್ಲುಗಳ ಕಥೆಯನ್ನು ಯಾರು ಹೇಳಬೇಕು ಎಂಬ ಪ್ರಶ್ನೆಗಳಿಗೆ ಸಮರ್ಪಕ ಉತ್ತರ ಇನ್ನೂ ಬೇಕಾಗಿದೆ.

ದೇವಲ ಗಾಣಗಾಪುರದ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅಲ್ಲಿಗೆ ಜನರನ್ನು ಕರೆಯಬೇಕಾದ ಅಗತ್ಯವೇ ಇಲ್ಲ, ಮಹಾರಾಷ್ಟ್ರದಿಂದ ದತ್ತ ಭಕ್ತರು ವರ್ಷವಿಡೀ ಬರುತ್ತಾರೆ. ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು, ದರ್ಶನ ಮುಗಿಸಿ, ಬಹಳ ಮಂದಿ ಅದೇ ದಿನ ಸೊಲ್ಲಾಪುರದ ದಾರಿ ಹಿಡಿಯುತ್ತಾರೆ. ಅವರು ಒಂದು ರಾತ್ರಿ ಹೆಚ್ಚು ಉಳಿದು ಕಲಬುರಗಿಯ ಕೋಟೆ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ ನೋಡಿ ಹೋದರೆ ಖಾನಾವಳಿಯವರಿಂದ ಆಟೋದವರವರೆಗೆ ಎಲ್ಲರಿಗೂ ದುಡಿಮೆ. ಪ್ರವಾಸೋದ್ಯಮ ಇಲಾಖೆಯ ಅಂಕಿಅಂಶಗಳಲ್ಲಿ ಭೇಟಿ ಕೊಟ್ಟವರ ಸಂಖ್ಯೆ ಎದ್ದು ಕಾಣುತ್ತದೆ, ಎಷ್ಟು ರಾತ್ರಿ ತಂಗಿದರು ಎಂಬ ಲೆಕ್ಕಕ್ಕೆ ಆ ಪ್ರಾಮುಖ್ಯವಿಲ್ಲ. ಸ್ಥಳೀಯ ಗಳಿಕೆ ನಿಂತಿರುವುದು ಎರಡನೆಯದರ ಮೇಲೆ.

ಹಂಪಿಯ ಅನುಭವದಲ್ಲಿ ಎಚ್ಚರಿಕೆಯ ಪಾಠವೂ ಇದೆ, ಅನುಸರಿಸಬಹುದಾದ ಪಾಠವೂ ಇದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ, ಆನೆಗೊಂದಿಯ ಬಳಿಯ ಸೇತುವೆಯ ವಿವಾದದಿಂದ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿ 2006ರವರೆಗೆ ಅಲ್ಲೇ ಉಳಿಯಿತು. ರಸ್ತೆ ಸಂಪರ್ಕದ ಅಭಿವೃದ್ಧಿಯೇ ಪಾರಂಪರಿಕ ಪ್ರದೇಶಕ್ಕೆ ಕುತ್ತು ತಂದ ಪ್ರಸಂಗ ಅದು. ಆ ಸೇತುವೆ 2009ರಲ್ಲಿ ನಿರ್ಮಾಣದ ಹಂತದಲ್ಲೇ ಕುಸಿದು ಕಾರ್ಮಿಕರ ಜೀವ ಹೋಯಿತು. ನದಿಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಯೋಜನೆಯಿಲ್ಲದೆ ತಲೆಯೆತ್ತಿದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಕೆಡವಲಾಯಿತು. ಮೊದಲು ಬೆಳೆಯಲು ಬಿಟ್ಟು ಆಮೇಲೆ ಜೆಸಿಬಿ ಕಳಿಸುವ ಪದ್ಧತಿಯಲ್ಲಿ ನಷ್ಟವಾದದ್ದು ಅಲ್ಲಿ ದುಡಿಯುತ್ತಿದ್ದ ಸ್ಥಳೀಯರಿಗೆ. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಬಾಳೆನಾರಿನ ಕೈಕೆಲಸವನ್ನೂ ಹಳೆಯ ಮನೆಗಳಲ್ಲಿ ಅತಿಥಿಗಳ ವಾಸ್ತವ್ಯವನ್ನೂ ಸಣ್ಣ ಪ್ರಮಾಣದಲ್ಲಿ ಬೆಳೆಸಿತು, ಸರ್ಕಾರದ್ದೇ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಕಮಲಾಪುರದ ಬಳಿ ದರೋಜಿ ಕರಡಿಧಾಮದ ಪ್ರವಾಸಿಗಳಿಗೆ ವಸತಿ ನಡೆಸುತ್ತಿದೆ. ಜಂಗಲ್ ಲಾಡ್ಜಸ್ 1980ರಿಂದ ಹೆಸರು ಉಳಿಸಿಕೊಂಡದ್ದಕ್ಕೆ ನನಗೆ ಕಾಣುವ ಕಾರಣ ಸರಳವಾದದ್ದು: ಕಾಡು ಬಲ್ಲ ಮಾರ್ಗದರ್ಶಕರು ಅಲ್ಲಿ ವರ್ಷಗಟ್ಟಲೆ ಅದೇ ಕೆಲಸದಲ್ಲಿರುತ್ತಾರೆ.

ಸಂಪರ್ಕದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಎರಡು ದಶಕ ಕಾದ ಬೀದರ್-ಕಲಬುರಗಿ ರೈಲು ಮಾರ್ಗ 2017ರಲ್ಲಿ ತೆರೆಯಿತು, ಕಲಬುರಗಿಗೆ 2019ರಲ್ಲೂ ಬೀದರಿಗೆ 2020ರಲ್ಲೂ ವಿಮಾನ ಬಂತು. ಬೀದರಿನ ಹಾರಾಟ ನಿಂತು ಮತ್ತೆ ಶುರುವಾದದ್ದನ್ನು ನೋಡಿದರೆ, ನಿಲ್ದಾಣ ಕಟ್ಟುವುದಕ್ಕಿಂತ ವಿಮಾನ ತುಂಬುವಷ್ಟು ವ್ಯವಹಾರ ಕಟ್ಟುವುದು ಕಷ್ಟ ಎಂಬುದು ತಿಳಿಯುತ್ತದೆ. ಕಲಬುರಗಿಗೆ ಮಂಜೂರಾದ 1,000 ಎಕರೆಯ ಪಿಎಂ ಮಿತ್ರ ಜವಳಿ ಪಾರ್ಕಿನ ಪರೀಕ್ಷೆಯೂ ಇದೇ ಆಗಲಿದೆ.

ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ನಂಜುಂಡಪ್ಪನವರ ಕಾಲದ ಸೂಚಕಗಳನ್ನು ಹೊಸದಾಗಿ ನೋಡುವ ಅವಕಾಶ ಇದು. ಆದರೆ ಹೊಸ ಸಮಿತಿಯ ದಾರಿಯನ್ನೂ ನೋಡದೆ ಮಾಡಬಹುದಾದ ಒಂದು ಕೆಲಸವಿದೆ. 371(ಜೆ) ವಿಧಿಯೇ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕೆಂದು ಹೇಳುತ್ತದೆ. ಬಿಡುಗಡೆಯಾದ ಹಣ, ಖರ್ಚಾದ ಹಣ, ಮುಗಿದ ಕಾಮಗಾರಿಗಳ ಕೋಷ್ಟಕಗಳ ಪಕ್ಕದಲ್ಲಿ ಆ ವರದಿಗೆ ಇನ್ನೂ ನಾಲ್ಕು ಕಾಲಂ ಸೇರಿಸಬಹುದು: ಪ್ರತಿ ತಾಲ್ಲೂಕಿನಲ್ಲಿ ಆ ವರ್ಷ ಬಾಗಿಲು ತೆರೆದ ಘಟಕಗಳು ಮತ್ತು ಬಾಗಿಲು ಮುಚ್ಚಿದ ಘಟಕಗಳು, ಹಂಚಿಕೆಯಾದ ಕೈಗಾರಿಕಾ ನಿವೇಶನಗಳಲ್ಲಿ ಉತ್ಪಾದನೆ ನಡೆಯುತ್ತಿರುವವು ಎಷ್ಟು, ಪ್ರವಾಸಿಗರು ತಂಗಿದ ರಾತ್ರಿಗಳು, ಮತ್ತು ಮಂಡಳಿಯ ಯೋಜನೆಗಳನ್ನು ನೋಡಿಕೊಳ್ಳುವ ಅಧಿಕಾರಿಗಳು ಸರಾಸರಿ ಎಷ್ಟು ತಿಂಗಳು ಆ ಹುದ್ದೆಯಲ್ಲಿದ್ದರು. ಕೊನೆಯ ಕಾಲಮ್ಮನ್ನು ತುಂಬಲು ಸಿಬ್ಬಂದಿ ಶಾಖೆಯ ಕಡತ ಸಾಕು, ಹೊಸ ಸಮೀಕ್ಷೆಯೇನೂ ಬೇಕಾಗಿಲ್ಲ.